ಬಾಯಲ್ಲಿ ಸರಿ, ಬರಹದಲ್ಲಿ ತಪ್ಪು: ಇಂಥ ಮಗುವನ್ನು ಶಾಲೆಯಲ್ಲಿ ಗುರುತಿಸಿ ನೆರವಾಗುವುದು ಹೇಗೆ

ಪಾಠದ ಪ್ರಶ್ನೆ ಕೇಳಿದರೆ ಬಾಯಲ್ಲಿ ಸರಿಯಾಗಿ ಹೇಳುತ್ತದೆ. ಅದನ್ನೇ ಬೋರ್ಡ್ ನೋಡಿ ಬರೆಯಲು ಹೇಳಿದರೆ ಸಾಲು ಬಿಡುತ್ತದೆ, ‘ದನ’ವನ್ನು ‘ಧನ’ ಮಾಡುತ್ತದೆ, ಒತ್ತಕ್ಷರ ನುಂಗುತ್ತದೆ. ಇಂಥ ಮಗುವಿಗೆ ‘ಗಮನವಿಲ್ಲ’ ಎಂಬ ಹಣೆಪಟ್ಟಿ ಬಲು ಬೇಗ ಬೀಳುತ್ತದೆ, ಅದು ದೊಡ್ಡ ಅನ್ಯಾಯ. ಕಣ್ಣು ಮಂಜಾಗಿರಬಹುದು, ಇಲ್ಲವೇ ಕಣ್ಣು ಕಂಡದ್ದನ್ನು ಮಿದುಳು ಬಿಡಿಸಿಕೊಳ್ಳಲು ತಡಕಾಡುತ್ತಿರಬಹುದು. ಯಾವುದೆಂದು ಅಂದಾಜು ಮಾಡುವ ಕೆಲಸ ತರಗತಿಯಲ್ಲೇ ಶುರುವಾಗಬೇಕು. ಅಂತಿಮ ನಿರ್ಣಯ ಪರಿಣತರದು.

ಮೊದಲು ಕಣ್ಣು. 6 ಮೀಟರ್ ಅಳೆದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಅಕ್ಷರದಲ್ಲೇ ತೊಡಕಿರುವ ಮಗುವಿಗೆ ಅಕ್ಷರಗಳ ಚಾರ್ಟ್ ಬೇಡ. ಇಂಗ್ಲಿಷಿನ ‘ಇ’ ಆಕಾರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿರುವ ಚಾರ್ಟ್ ತನ್ನಿ; ಕಾಲುಗಳು ಯಾವ ಕಡೆಗಿವೆ ಎಂದು ಮಗು ಕೈಯಲ್ಲಿ ತೋರಿಸಲಿ. ಒಂದೊಂದೇ ಕಣ್ಣು ಪರೀಕ್ಷಿಸಿ. ಇನ್ನೊಂದು ಕಣ್ಣನ್ನು ಅಂಗೈ ಬಟ್ಟಲಿನಿಂದ ಮುಚ್ಚಬೇಕು. ಬೆರಳುಗಳಿಂದ ಮುಚ್ಚಿದರೆ ಮಕ್ಕಳು ಸಂದಿಯಲ್ಲಿ ಇಣುಕುತ್ತಾರೆ, ಮಂದವಾಗಿರುವ ಕಣ್ಣು ತಪ್ಪಿಸಿಕೊಳ್ಳುತ್ತದೆ. ಯಾವುದೇ ಕಣ್ಣಿಗೆ 6/9ರ ಸಾಲು (ಸರಿಯಾದ ಕಣ್ಣಿಗೆ 9 ಮೀಟರಿನಿಂದಲೇ ಕಾಣುವ ಗಾತ್ರ) ಕಾಣದಿದ್ದರೆ ಕಣ್ಣಿನ ವೈದ್ಯರಲ್ಲಿಗೆ ಕಳಿಸಿ. ಕನ್ನಡಕವಿದ್ದರೆ ಹಾಕಿಸಿಯೇ ನೋಡಿ.

ಇಲ್ಲೇ ಎಲ್ಲರೂ ಎಡವುವುದು: 6/6 ಬಂದರೆ ಕಣ್ಣು ಸರಿಯಿದೆ ಎಂದು ಬಿಟ್ಟುಬಿಡುತ್ತಾರೆ. ಪ್ಲಸ್ ಪವರ್ (ಹತ್ತಿರದ್ದನ್ನು ನೋಡಲು ಕಣ್ಣು ಹೆಚ್ಚು ಶ್ರಮಪಡುವ ದೋಷ) ಇರುವ ಮಗು ದೂರದ ಚಾರ್ಟನ್ನು ಸಲೀಸಾಗಿ ಓದಬಲ್ಲದು, ಪುಸ್ತಕ ಹಿಡಿದರೆ ಹತ್ತು ನಿಮಿಷಕ್ಕೆ ತಲೆನೋವು. ಹತ್ತಿರದ್ದನ್ನು ನೋಡುವಾಗ ಎರಡು ಕಣ್ಣೂ ಒಂದೇ ಕಡೆ ಕೂಡದಿದ್ದರೂ ಹೀಗೇ ಆಗುತ್ತದೆ. ಓದುವಾಗ ಕಣ್ಣುಜ್ಜುವುದು, ಒಂದು ಕಣ್ಣು ಮುಚ್ಚುವುದು, ಅಕ್ಷರ ಎರಡೆರಡು ಕಾಣುತ್ತದೆ ಎನ್ನುವುದು ಇದ್ದರೆ, ಹತ್ತಿರದ ನೋಟವನ್ನೂ ಡ್ರಾಪ್ಸ್ ಹಾಕಿ ಪವರನ್ನೂ ನೋಡಿಸಬೇಕೆಂದು ಚೀಟಿಯಲ್ಲಿ ಬರೆದು ಕಳಿಸಿ.

ಕಣ್ಣಿನ ವರದಿ ಬಂದ ಮೇಲೆ ಮೂರು ಕೆಲಸ ಕೊಡಿ, ಬೇರೆ ಬೇರೆ ದಿನ. ಬೋರ್ಡಿನಿಂದ ಐದು ಸಾಲು ನಕಲು. ಅಷ್ಟೇ ಕಷ್ಟದ ಇನ್ನೈದು ಸಾಲು, ಪಕ್ಕದಲ್ಲಿಟ್ಟ ಹಾಳೆಯಿಂದ. ಮೂರನೆಯದಾಗಿ, ನೀವು ಓದಿ ಹೇಳಿದ ಐದು ಸಾಲಿನ ಮೇಲೆ ಬಾಯಿಪ್ರಶ್ನೆ. ಹಿಡಿದ ಸಮಯವನ್ನೂ ತಪ್ಪುಗಳನ್ನೂ ದಿನಾಂಕದೊಂದಿಗೆ ಬರೆದಿಡಿ. ಬೋರ್ಡಿನದು ಮಾತ್ರ ತಪ್ಪಿದರೆ ಮತ್ತೆ ದೂರದ ನೋಟವನ್ನೇ ಶಂಕಿಸಬೇಕು. ಎರಡು ನಕಲೂ ತಪ್ಪಿ ಬಾಯಿಯುತ್ತರ ಸರಿಯಿದ್ದರೆ ವಿಷುಯಲ್ ಪ್ರೊಸೆಸಿಂಗ್ (ಕಣ್ಣು ಕಂಡದ್ದನ್ನು ಮಿದುಳು ಬಿಡಿಸಿಕೊಳ್ಳುವುದು) ಕಡೆಗೆ, ಇಲ್ಲವೇ ಅಕ್ಷರ ಮತ್ತು ಬರವಣಿಗೆಯ ತೊಡಕಿನ ಕಡೆಗೆ ಬೆರಳು ತೋರುತ್ತದೆ. ಬಾಯಿಯುತ್ತರವೂ ತಪ್ಪಿದರೆ ಕಿವಿ, ಭಾಷೆ, ಹಸಿವು, ನಿದ್ದೆ ಎಲ್ಲವನ್ನೂ ವಿಚಾರಿಸಿ. ಮನೆಯಲ್ಲಿ ತುಳುವೋ ಉರ್ದುವೋ ಆಡಿ ಈಗಷ್ಟೇ ಕನ್ನಡ ಲಿಪಿಗೆ ಬಂದ ಮಗುವನ್ನು ಅವಸರದಲ್ಲಿ ಈ ಪಟ್ಟಿಗೆ ಸೇರಿಸಬೇಡಿ. ಒಂದನೇ ತರಗತಿಯಲ್ಲಿ ಅಕ್ಷರ ತಿರುಗುಮುರುಗಾಗುವುದು ಸಹಜ.

ನೆರವನ್ನು ಆ ಮಗುವಿನ ತಪ್ಪಿಗೆ ತಕ್ಕಂತೆ ಆರಿಸಿಕೊಳ್ಳಬೇಕು. ಕನ್ನಡದ ಒತ್ತು ಅಕ್ಷರದ ಕೆಳಗೆ ಕೂರುತ್ತದೆ. ಸಾಲುಗಳು ಇಕ್ಕಟ್ಟಾದರೆ ‘ಅಕ್ಕ’ದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಮಗು ‘ಅಕ’ ಎಂದು ಓದುತ್ತದೆ. ಆದ್ದರಿಂದ ಅಕ್ಷರ ದೊಡ್ಡದು ಮಾಡಿದರೆ ಸಾಲದು. 16ರಿಂದ 18 ಪಾಯಿಂಟಿನ ಜೊತೆಗೆ ಸಾಲಿನ ಅಂತರವನ್ನೂ ಒಂದೂವರೆಯಿಂದ ಎರಡು ಪಟ್ಟು ಬಿಡಿ. ಸಾಲು ತಪ್ಪುವವರಿಗೆ ರಟ್ಟಿನಲ್ಲಿ ಒಂದು ಸಾಲಷ್ಟೇ ಕಾಣುವ ಕಿಂಡಿ ಕತ್ತರಿಸಿಕೊಡಿ. ಕಿಂಡಿಯ ಎತ್ತರ ಅಕ್ಷರದ ಎರಡರಷ್ಟಿರಲಿ, ಇಲ್ಲದಿದ್ದರೆ ಒತ್ತೇ ಮುಚ್ಚಿಹೋಗುತ್ತದೆ.

ಅಕ್ಷರ ಕಲಸುವವರಿಗೆ ವ್ಯತ್ಯಾಸದ ಗೀಟನ್ನು ಮಾತ್ರ ಕೆಂಪಿನಲ್ಲಿ ಬರೆದು ತೋರಿಸಿ: ‘ಪ’ದೊಳಗೆ ಗೀಟು ಬಂದರೆ ‘ಷ’, ಅಡಿಯಲ್ಲಿ ಸೀಳು ಬಂದರೆ ‘ಫ’. ಲೆಕ್ಕದಲ್ಲಿ ಬಿಡಿ, ಹತ್ತು, ನೂರು ಸಾಲುಬಿಟ್ಟು ಜಾರುತ್ತಿದ್ದರೆ ಚೌಕುಳಿ ಪುಸ್ತಕ ಕೊಡಿ, ಮನೆಗೊಂದೇ ಅಂಕಿ. ಅದಿಲ್ಲದಿದ್ದರೆ ಗೆರೆ ಪುಸ್ತಕವನ್ನು ಅಡ್ಡ ತಿರುಗಿಸಿ, ಗೆರೆಗಳೇ ಕಂಬಸಾಲಾಗುತ್ತವೆ. ಪುಟಕ್ಕೆ ನಾಲ್ಕೈದು ಲೆಕ್ಕ ಸಾಕು. ಪ್ರಶ್ನೆಯನ್ನು ನಕಲು ಮಾಡಿಸಬೇಡಿ, ಪ್ರಶ್ನೆಯ ಸಂಖ್ಯೆಯಷ್ಟೇ ಬರೆದು ಉತ್ತರಿಸಲಿ. ಕೂರಿಸುವುದು ಮುಂದಿನ ಎರಡು ಸಾಲಿನಲ್ಲಿ, ಬೋರ್ಡಿನ ಮೇಲೆ ಕಿಟಕಿಯ ಬೆಳಕು ಹೊಳೆಯದ ಕಡೆ.

ಬಣ್ಣದ ಹಾಳೆ, ಬಣ್ಣದ ಕನ್ನಡಕಕ್ಕೆ ಪೋಷಕರು ದುಡ್ಡು ಸುರಿಯದಂತೆ ನೋಡಿಕೊಳ್ಳಿ. ಇವು ಕಲಿಕೆಯ ತೊಂದರೆಗೆ ಚಿಕಿತ್ಸೆಯೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ.

ಒಂದು ಶೈಕ್ಷಣಿಕ ಅವಧಿಯುದ್ದಕ್ಕೂ ನೆರವು ಕೊಟ್ಟರೂ ತೊಡಕು ಉಳಿದರೆ ನಿಮ್ಮ ದಾಖಲೆ, ಎರಡು ನಕಲು ಹಾಳೆ, ಕಣ್ಣಿನ ವರದಿ ಸೇರಿಸಿ ಬ್ಲಾಕ್‌ನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರಿಗೆ ತಲುಪಿಸಿ. ‘ವಿಷುಯಲ್ ಪ್ರೊಸೆಸಿಂಗ್’ ಎಂಬ ಹೆಸರಿಗೆ ಪ್ರತ್ಯೇಕ ಪ್ರಮಾಣಪತ್ರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿರುವುದು ನಿರ್ದಿಷ್ಟ ಕಲಿಕಾ ನ್ಯೂನತೆ (ಓದು, ಬರಹ, ಲೆಕ್ಕದಂಥವುಗಳಲ್ಲಿನ ತೊಡಕು). ಮಗುವಿನ ಪರೀಕ್ಷೆಯ ಫಲ ಅದಕ್ಕೆ ಹೊಂದಿದರೆ ಆ ದಾರಿಯಲ್ಲಿ ಹೋಗಬೇಕು. ಲಿಖಿತ ಪರೀಕ್ಷೆಗಳ ಬಗೆಗಿನ ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಹೇಳಿತ್ತು. ಎಸ್‌ಎಸ್‌ಎಲ್‌ಸಿಗೆ ಇಂಥ ನೆರವು ಬೇಕಿದ್ದರೆ ಒಂಬತ್ತನೇ ತರಗತಿಯಲ್ಲೇ ಕಾಗದಪತ್ರ ಶುರುಮಾಡಿ. ಮಗು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದುಕೊಡುವ ಬರಹಗಾರರು ಸಿಕ್ಕರೆ ಕಿರುಪರೀಕ್ಷೆಗಳಲ್ಲೇ ಜೊತೆ ಕೂರಿಸಿ ಅಭ್ಯಾಸ ಮಾಡಿಸಿ. ಉತ್ತರವನ್ನು ವಾಕ್ಯವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿ ಬರೆಸುವುದು ಮಗುವಿಗೆ ತಾನಾಗಿ ಬರುವುದಿಲ್ಲ.