ಮುಳ್ಳುತಂತಿ ಹೋಯ್ತು, ಗಜಗದ ಬೇಲಿ ನಿಂತಿತು

ಕುಷ್ಟಗಿ ಕಡೆ ನಮ್ಮದು ಐದೆಕರೆ ಮಸಾರಿ ಹೊಲ, ಪೂರ್ತಿ ದಾಳಿಂಬೆ. ಕಾಯಿಗೆ ಬಣ್ಣ ಬಂತೆಂದರೆ ರಾತ್ರಿ ಚೀಲ ಹಿಡಿದವರೂ ಬರುತ್ತಾರೆ. ಕಾಯಿ ಒಯ್ಯುವುದು ಒಂದು ಕಡೆ, ಸುಮ್ನೆ ಡ್ರಿಪ್ ಪೈಪನ್ನೂ ಕೊಯ್ದು ಹೋಗುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದೆ. ಕೂಲಿ ಸೇರಿ 1.2 ಲಕ್ಷದ ಆಸುಪಾಸು ಹೋಯಿತು. ಮರುವರ್ಷವೇ ಹಳ್ಳದ ಕಡೆಯ ತಂತಿ ಗುಜರಿ ಪಾಲಾಯಿತು. ಸೋಲಾರ್ ಬೇಲಿ ಹಾಕಿದೆ, ಬ್ಯಾಟರಿಯನ್ನೇ ಹೊತ್ತೊಯ್ದರು. ಕೆಲವರು ಲೈನಿನ ಕರೆಂಟನ್ನೇ ತಂತಿಗೆ ಬಿಡು ಅಂದರು. ಅದು ಅಪರಾಧ, ಜೀವ ಹೋಗುವ ಕೆಲಸ. ಆ ಮಾತೇ ಬೇಡ ಅಂದೆ.

ಕೊನೆಗೆ ಬೇಲಿಗೆ ಗಜಗ ಅನ್ನೋ ಮುಳ್ಳಿನ ಹಬ್ಬುಗಿಡ ಹಚ್ಚುತ್ತೇನೆ ಅಂದಾಗ ಪಕ್ಕದ ಹೊಲದ ಹುಡುಗ, "ಕಾಕಾ, ಅದು ಹಬ್ಬಿ ನಿಮ್ಮ ಹೊಲಾನ ನುಂಗತೈತಿ" ಅಂದಿದ್ದ.

ಬೀಜವನ್ನು ಹಾಗೇ ಊರಿದರೆ ಮೊಳಕೆ ಬರುವುದು ಅಪರೂಪ. ಬೂದು ಸಿಪ್ಪೆ ಸವೆದು ಒಳಗಿನ ಬಿಳಿ ಇಣುಕುವವರೆಗೆ ಒಂದು ಬದಿ ಕಲ್ಲಿಗೆ ಉಜ್ಜಬೇಕು. ಆಮೇಲೆ ರಾತ್ರಿಯಿಡೀ ನೀರಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಉಬ್ಬಿದ್ದನ್ನು ಊರಿ, ಉಬ್ಬದ್ದನ್ನು ಮತ್ತೆ ಉಜ್ಜಬೇಕು. ಮನೆಮಂದಿಯೆಲ್ಲ ಕೂತು ಉಜ್ಜಿದೆವು. ಮಿರಗದ ಮಳೆಗೆ ಒಂದೂವರೆ ಅಡಿಗೊಂದರಂತೆ ಎರಡು ಸಾಲು ಹಾಕಿದೆ. ಎರಡೂವರೆ ಸಾವಿರ ಬೀಜ ಹಿಡಿದಿರಬೇಕು. ಖರ್ಚು ಹದಿನೈದು ಸಾವಿರ ದಾಟಿಲ್ಲ.

ಮೂರನೇ ವರ್ಷಕ್ಕೆ ಬೇಲಿ ಎದೆಮಟ್ಟ ಬಂದು ಒಂದಕ್ಕೊಂದು ಹೆಣೆದುಕೊಂಡಿತು. ಇದಕ್ಕೆ ಕಾಂಡದಲ್ಲಷ್ಟೇ ಅಲ್ಲ, ಎಲೆಯ ದಂಟಿನ ಅಡಿಯಲ್ಲೂ ಕೊಕ್ಕೆಮುಳ್ಳು. ಅಂಗಿ ಸಿಕ್ಕಿದರೆ ಎಳೆದಷ್ಟೂ ಕಚ್ಚುತ್ತದೆ. ಒಮ್ಮೆ ಬೆಳಿಗ್ಗೆ ಹೋದರೆ ಹಳ್ಳದ ಮಗ್ಗುಲಿಗೆ ಅಂಗಿತೋಳಿನ ಚೂರು ನೇತಾಡುತ್ತಿತ್ತು. ಒಳಗೆ ಒಂದು ಕಾಯಿಯೂ ಹೋಗಿರಲಿಲ್ಲ. ಆಮೇಲೆ ಎರಡು ಬೆಳೆ ಪೂರ್ತಿ ನನ್ನ ಕೈಗೇ ಬಂದಿದೆ.

ನಡುವೆ ಇನ್ನೊಂದು ಪ್ರಯೋಗ. ಬೋರಿನ ಬಾಯಿಂದ ಸ್ಟಾರ್ಟರ್‌ವರೆಗಿನ ತಾಮ್ರದ ಕೇಬಲ್ ತೆಗೆದು ಅಲ್ಯೂಮಿನಿಯಂ ಹಾಕಿದೆ. ಕಳ್ಳರಿಗೆ ಬೇಕಿರುವುದು ತಾಮ್ರ ಅಲ್ವಾ? ಮೋಟಾರ್ ಸುಡುತ್ತದೆ ಅಂತ ರಿವೈಂಡಿಂಗ್‌ನವನು ಹೆದರಿಸಿದ. ಕೇಬಲ್ ಒಂದು ಸೈಜ್ ದಪ್ಪ ಇರಲಿ. ತಾಮ್ರ, ಅಲ್ಯೂಮಿನಿಯಂ ಕೂಡುವ ಜಾಗಕ್ಕೆ ಎರಡೂ ಲೋಹದ ಲಗ್ಗನ್ನೇ (ಕೇಬಲ್ ತುದಿಗೆ ಒತ್ತಿ ಕೂರಿಸುವ ಲೋಹದ ಕೊಂಡಿ) ಹಾಕಿಸಿ. ಬರಿದೇ ತಿರುವಿ ಟೇಪ್ ಸುತ್ತಿದರೆ ಜಾಯಿಂಟ್ ಸುಡುವುದು ಖಾತ್ರಿ. ನನ್ನ ಮೋಟಾರ್ ಆರಾಮಾಗಿ ಓಡುತ್ತಿದೆ.

ಗಜಗಕ್ಕೆ ವರ್ಷಕ್ಕೆ ಎರಡು ಸಲ ಕತ್ತರಿ ಬೇಕೇ ಬೇಕು. ನಾಲ್ಕು ಆಳಿನ ಕೂಲಿ ಹಿಡಿಯುತ್ತದೆ. ಕಡಿದ ಕೊಂಬೆಯನ್ನು ಸುಡಬೇಡಿ, ಬುಡದಲ್ಲಿ ಎಲ್ಲಿ ಕಿಂಡಿ ಕಾಣುತ್ತದೋ ಅಲ್ಲಿ ತುರುಕಿ.