ಅಂಡಮಾನ್‌ಗೆ ವರ್ಗವಾಯಿತಾ? ಮನೆ ಮಾಡುವ ಮುನ್ನ ಓದಿ

ನೌಕಾಪಡೆ, ಬ್ಯಾಂಕು, ಕೇಂದ್ರ ಸರ್ಕಾರದ ಕಚೇರಿ ಅಂತ ಪೋರ್ಟ್ ಬ್ಲೇರ್‌ಗೆ ವರ್ಗವಾಗಿ ಹೋಗುವವರಲ್ಲಿ ಕನ್ನಡಿಗರೂ ಇದ್ದಾರೆ. (2024ರಿಂದ ಊರಿನ ಹೆಸರು ಶ್ರೀ ವಿಜಯ ಪುರಂ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ.) ಆರ್ಡರ್ ಕೈಗೆ ಬಂದ ಕೂಡಲೇ ತಲೆಗೆ ಬರುವುದು ಕಡಲು ಕಾಣುವ ಬಾಲ್ಕನಿ, ಬೆತ್ತದ ಕುರ್ಚಿ. ಅವೆಲ್ಲ ಆಮೇಲೆ. ಅಲ್ಲಿ ಮನೆ ಚೆನ್ನಾಗಿರಬೇಕಾದರೆ ಮೊದಲು ನೀರು, ತೇವ, ಉಪ್ಪುಗಾಳಿ ಈ ಮೂರನ್ನು ನೋಡಿಕೊಳ್ಳಬೇಕು.

ಏನು ಒಯ್ಯಬೇಕು, ಏನು ಬಿಡಬೇಕು

ಸಾಮಾನು ಹೋಗುವುದು ಹಡಗಿನಲ್ಲಿ. ಚೆನ್ನೈನಿಂದ ಸುಮಾರು ಮೂರು ದಿನದ ದಾರಿ, ಬಂದರಿನಲ್ಲಿ ಕಾಯುವುದು ಬೇರೆ. ಪಾರ್ಟಿಕಲ್ ಬೋರ್ಡ್‌ನ (ಮರದ ಚೂರು ಅಂಟಿಸಿ ಒತ್ತಿದ ಹಲಗೆಯ) ಮಂಚ, ವಾರ್ಡ್‌ರೋಬ್ ಇದ್ದರೆ ಇಲ್ಲೇ ಮಾರಿಬಿಡಿ. ಅಂಚಿನ ಪಟ್ಟಿ ಚೂರು ಎದ್ದರೂ ಸಾಕು, ತೇವ ಕುಡಿದು ನೆನೆದ ಬ್ರೆಡ್ಡಿನ ಹಾಗೆ ಉಬ್ಬುತ್ತದೆ. ಹೊಸದು ಮಾಡಿಸುವುದಾದರೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್, ಅಂದರೆ ನೀರು ತಡೆಯುವ ಪ್ಲೈವುಡ್ ಕೇಳಿ. ಗಟ್ಟಿ ಮರವೇ ಬೇಕೆಂದರೆ ಅಲ್ಲಿಯದೇ ಪಡೌಕ್ ಇದೆ. ಕೆಂಪು ಮರ, ಬಾಳಿಕೆ ಜಾಸ್ತಿ. ಆದರೆ ವಾಪಸು ಬರುವಾಗ ಅದನ್ನು ದ್ವೀಪದಿಂದ ಆಚೆ ತರಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕೊಂಡ ರಸೀದಿ ಜೋಪಾನ.

ಸ್ಕ್ರೂ, ಹಿಂಜುಗಳನ್ನು ಉಪ್ಪುಗಾಳಿ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನದ್ದೇ ಹಾಕಿಸಿ. ಸಾದಾ ಕಬ್ಬಿಣದ್ದು ಬಾಗಿಲ ಮೇಲೆ ಕಂದು ಗೆರೆ ಇಳಿಸುತ್ತದೆ.

ಮನೆ ನೋಡುವಾಗ

ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಊರಿನಲ್ಲಿ ನೀರಿಗೆ ಬರವೇ ಅನ್ನಬೇಡಿ. ಊರು ನಂಬಿರುವುದು ಧನಿಕಾರಿ ಅಣೆಕಟ್ಟನ್ನು. ಮಾರ್ಚ್, ಏಪ್ರಿಲ್‌ನಲ್ಲಿ ಅದು ಇಳಿದರೆ ನಲ್ಲಿಯೂ ಸೊರಗುತ್ತದೆ. ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಅಂತ ಮನೆ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಬಂಗಾಳಿ, ತಮಿಳು, ತೆಲುಗು ಮಾತಾಡುವವರು ಜಾಸ್ತಿ, ಹಿಂದಿಯಲ್ಲಿ ಕೆಲಸ ನಡೆಯುತ್ತದೆ. ಟ್ಯಾಂಕ್ ಎಷ್ಟು ಲೀಟರಿನದು, ಎಷ್ಟು ಮನೆಗೆ ಹಂಚಿಕೆ, ಅದೂ ಕೇಳಿ. ಎದುರುಬದುರು ಕಿಟಕಿ ಇಲ್ಲದ ಮನೆ ಎಷ್ಟೇ ಚೆಂದವಿದ್ದರೂ ಬೇಡ.

ಬೂಸ್ಟಿನ ಜೊತೆ ಗುದ್ದಾಟ

ಮಂಗಳೂರು, ಮಲೆನಾಡಿನವರಿಗೆ ಬೂಸ್ಟು ಗೊತ್ತೇ ಇದೆ. ಆದರೆ ಅಂಡಮಾನ್‌ನಲ್ಲಿ ಎರಡೂ ಮಾನ್ಸೂನ್‌ಗಳ ಕಾಟ, ಅಂದರೆ ನೈರುತ್ಯದ್ದು ಮುಗಿಯುವಷ್ಟರಲ್ಲಿ ಈಶಾನ್ಯದ್ದು ಶುರು. ಮೇ ತಿಂಗಳಿಂದ ಡಿಸೆಂಬರ್‌ವರೆಗೂ ಮಳೆ. ಬಣ್ಣ ಹೊಡೆಸುವುದಿದ್ದರೆ ಜನವರಿಯಿಂದ ಏಪ್ರಿಲ್ ಒಳಗೇ ಮುಗಿಸಿ.

ಗೋಡೆಯ ಮೇಲಿನ ಕಪ್ಪು ಚುಕ್ಕೆಯನ್ನು ಒಣ ಪೊರಕೆಯಲ್ಲಿ ಕೆರೆಯಬೇಡಿ, ಮನೆಯೆಲ್ಲ ಹರಡುತ್ತದೆ. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಒರೆಸಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕಿಟಕಿ ತೆರೆದಿರಲಿ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ಕ್ಲೀನರ್ ಆಗಲಿ ವಿನೆಗರ್ ಆಗಲಿ ಬೆರೆಸಲೇಬಾರದು, ವಿಷದ ಗಾಳಿ ಏಳುತ್ತದೆ. ಆಮೇಲೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಒಳಮೈಯಲ್ಲಿ ನೀರಿನ ಹನಿ ಕಂಡರೆ ಗೋಡೆ ಇನ್ನೂ ಹಸಿ. ಪೇಂಟರ್ ಎಷ್ಟೇ ಅವಸರ ಮಾಡಿದರೂ ಕಾಯಿರಿ. ಫಂಗಸ್ ತಡೆಯುವ ಪೇಂಟ್ ಕೂಡ ಹಸಿ ಗೋಡೆಯ ಮೇಲೆ ನಿಲ್ಲುವುದಿಲ್ಲ.

ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಹಾಗಂತ ಸುಮ್ನೆ ಬಿಡುವಂತೆಯೂ ಇಲ್ಲ. ದ್ವೀಪಗಳು ಭೂಕಂಪದ ಅಪಾಯ ತುಂಬಾ ಜಾಸ್ತಿ ಇರುವ ವಲಯದಲ್ಲಿವೆ. ನಡುವೆ ಒಂದು ಮರದ ತುಂಡು ಕೊಟ್ಟು, ಎಲ್ ಕ್ಲಾಂಪ್‌ನಿಂದ ಗೋಡೆಗೆ ಬಿಗಿಸಿ. ಮಲಗುವ ಕಡೆ ತಲೆಯ ಮೇಲೆ ಗಾಜಿನ ಫೋಟೊ ಬೇಡವೇ ಬೇಡ.

ಬೀರುವಿನೊಳಗೆ ಹಿಂದೆಲ್ಲ ಸಣ್ಣ ಬಲ್ಬ್ ಉರಿಸಿಡುತ್ತಿದ್ದರು. ಈಗಿನ ಎಲ್‌ಇಡಿಗೆ ಅಷ್ಟು ಬಿಸಿಯೇ ಇಲ್ಲ. ಅದರ ಬದಲು ಕ್ಯಾಲ್ಸಿಯಂ ಕ್ಲೋರೈಡ್ ಪೊಟ್ಟಣ ನೇತು ಹಾಕಿ. ಬಿಳಿ ಹರಳು ಕರಗುತ್ತಾ ಕೆಳಗಿನ ಚೀಲದಲ್ಲಿ ನೀರು ತುಂಬುತ್ತದೆ. ತುಂಬಿದ ಮೇಲೆ ಬದಲಿಸಿ, ಬಟ್ಟೆಯ ಮೇಲೆ ಚೆಲ್ಲದಂತೆ ಎಚ್ಚರ. ಮೈಸೂರು ಸಿಲ್ಕ್ ಸೀರೆಗಳನ್ನು ಪ್ಲಾಸ್ಟಿಕ್ ಕವರ್‌ನಿಂದ ತೆಗೆದು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಬಿಸಿಲು ಬಂದ ದಿನ ನೆರಳಲ್ಲಿ ಗಾಳಿಗೆ ಹಾಕಿ.

ಇನ್ನು ಅಲಂಕಾರ

ಜೂನ್‌ನಲ್ಲಿ ಬೆಳಗ್ಗೆ ಐದಕ್ಕೆಲ್ಲ ಬೆಳಕು ಹರಿದಿರುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ಐದೂವರೆಗೇ ಕತ್ತಲು. ಆದ್ದರಿಂದ ಪೂರ್ವದ ಕಿಟಕಿಗೆ ಮಾತ್ರ ದಪ್ಪ ಪರದೆ. ಉಳಿದವಕ್ಕೆ ತೆಳು ಹತ್ತಿ ಬಟ್ಟೆ ಸಾಕು, ಒಗೆದರೆ ಬೇಗ ಒಣಗುತ್ತದೆ. ಕಾರ್ಪೆಟ್ ಬೇಡ, ಚಾಪೆ ಹಾಸಿ.

ತೀರದಲ್ಲಿ ಬಿದ್ದ ಹವಳದ ತುಂಡನ್ನು ಶೋಕೇಸಿನಲ್ಲಿ ಇಡೋಣ ಅನಿಸುತ್ತದೆ, ಅಲ್ವಾ? ಎತ್ತಬೇಡಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮರ, ಬಿದಿರಿನ ಕುಸುರಿ ಬೇಕಿದ್ದರೆ ಸರ್ಕಾರದ ಸಾಗರಿಕಾ ಮಳಿಗೆಗೆ ಹೋಗಿ ಬಿಲ್ ಸಮೇತ ಕೊಳ್ಳಿ.

ಕುಂಡದಲ್ಲಿ ಕರಿಬೇವು, ದಾಸವಾಳ, ಕ್ರೋಟನ್ ಸಲೀಸಾಗಿ ಬರುತ್ತವೆ. ಶತ್ರು ಎಂದರೆ ಆಫ್ರಿಕಾದ ದೈತ್ಯ ಬಸವನಹುಳು. ರಾತ್ರಿ ಬಂದು ಎಳೆ ಎಲೆಯನ್ನೆಲ್ಲ ಮೇಯುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹುಡುಕಿ, ಗ್ಲೌಸ್ ಹಾಕಿಕೊಂಡು ಹೆಕ್ಕಿ, ದಟ್ಟ ಉಪ್ಪು ನೀರಿನ ಬಕೆಟ್‌ಗೆ ಹಾಕಿ. ಆ ನೀರನ್ನು ಮಾತ್ರ ಗಿಡದ ಬುಡಕ್ಕೆ ಚೆಲ್ಲಬೇಡಿ.