ದಫೇದಾರನ ಕಣ್ಣಲ್ಲಿ 1944ರ ಬೆಂಗಳೂರು

ನನ್ನ ಪತ್ತೇದಾರಿ ಕಾದಂಬರಿಗೆ 1944ರ ಬೆಂಗಳೂರನ್ನೇ ಆರಿಸಿಕೊಳ್ಳಲು ಕಾರಣವಿದೆ. ಆಗ ಊರು ಎರಡಾಗಿತ್ತು. ಪೇಟೆ, ಬಸವನಗುಡಿ, ಮಲ್ಲೇಶ್ವರಕ್ಕೆ ಮೈಸೂರು ಮಹಾರಾಜರ ಸರ್ಕಾರ. ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಆಡಳಿತ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡನ್ನು ಬ್ರಿಟಿಷರು ಬಿಟ್ಟುಕೊಟ್ಟಿರಲಿಲ್ಲ. ಪೇಟೆಯಲ್ಲಿ ಕೊಲೆ ಮಾಡಿದವನು ಕಬ್ಬನ್ ಪಾರ್ಕು ದಾಟಿ ಆ ಕಡೆ ಸೇರಿಬಿಟ್ಟರೆ ಮೈಸೂರು ಪೊಲೀಸರ ಅಧಿಕಾರ ಅಲ್ಲಿ ನಡೆಯದು. ಪತ್ತೇದಾರಿ ಬರೆಯುವವನಿಗೆ ಇನ್ನೇನು ಬೇಕು!

ನನ್ನ ನಾಯಕನಂಥ ಒರಟು ಪತ್ತೇದಾರ ಬೆಳೆದದ್ದು ಮದ್ಯನಿಷೇಧದ (1920–33) ಅಮೆರಿಕದಲ್ಲಿ. ಕಳ್ಳಸಾರಾಯಿಯವನೂ ಪೊಲೀಸನೂ ಎಷ್ಟೋ ಕಡೆ ಷಾಮೀಲಾಗಿದ್ದ ಕಾಲ ಅದು. ಯುದ್ಧಕಾಲದ ಬೆಂಗಳೂರಿಗೂ ಅಂಥವನು ಸಲ್ಲುತ್ತಾನೆ ಅನ್ನಿಸಿತು. ರೇಷನ್ನು, ಕಾಳಸಂತೆ, ಇಟಾಲಿಯನ್ ಯುದ್ಧಕೈದಿಗಳ ಕ್ಯಾಂಪು, ಹಿಂದೂಸ್ಥಾನ್ ಏರ್‌ಕ್ರಾಫ್ಟ್‌ನಲ್ಲಿ ವಿಮಾನ ರಿಪೇರಿಗೆಂದು ಬಂದಿಳಿದ ಅಮೆರಿಕನ್ ಸೈನಿಕರು. ಅವರ ಜೇಬಿನಲ್ಲಿ ದುಡ್ಡು, ಆ ದುಡ್ಡಿನ ಸುತ್ತ ಗುತ್ತಿಗೆದಾರರು.

ನನ್ನ ನಾಯಕ ಮೈಸೂರು ಪೊಲೀಸಿನ ಮಾಜಿ ದಫೇದಾರ, ಅಂದರೆ ಹೆಡ್ ಕಾನ್‌ಸ್ಟೇಬಲ್. ಕಥೆ ಹೇಳುವವನೂ ಅವನೇ. ಅವನ ದನಿ ಸಿಕ್ಕಿದ್ದು ಪೊಲೀಸರು ಸ್ಥಳದಲ್ಲೇ ಬರೆಯುವ ಮಹಜರಿನಿಂದ. ಮಹಜರು ಓದಿದ್ದೀರಾ? ಮೃತನ ತಲೆ ಪೂರ್ವಕ್ಕೆ, ಕಾಲು ಪಶ್ಚಿಮಕ್ಕೆ, ಎಡಗೈ ಹತ್ತಿರ ಒಂದು ಜೊತೆ ಚಪ್ಪಲಿ. ಅಯ್ಯೋ ಪಾಪ ಎಂಬ ಮಾತೇ ಇರದು. ಸಾಕ್ಷಿಗಳಾದ ಪಂಚರ ಎದುರು ಕಂಡದ್ದನ್ನಷ್ಟೇ ಬರೆದು ಕೆಳಗೆ ಹೆಬ್ಬೆಟ್ಟು ಒತ್ತಿಸುವುದು. ಈ ಮನುಷ್ಯ ತನ್ನ ಹೆಂಡತಿಯ ಸಾವನ್ನೂ ಹಾಗೇ ಹೇಳುತ್ತಾನೆ: ಮಂಚದ ಕೆಳಗೆ ತಂಬಿಗೆ, ಅರ್ಧ ನೀರು. ಇಡೀ ಪುಸ್ತಕದಲ್ಲಿ ನನಗೆ ತೃಪ್ತಿ ಕೊಟ್ಟ ಪುಟ ಅದು. ಅಳು ಓದುವವರಿಗೆ ಬರಲಿ, ಅವನಿಗೇಕೆ?

ಹಳೆಯ ಕಾಲದ ವಿವರಗಳನ್ನು ಎಲ್ಲೂ ವಿವರಿಸಲಿಲ್ಲ. 1944ರಲ್ಲಿ ಬದುಕಿದ್ದವನು 16 ಆಣೆಗೆ ಒಂದು ರೂಪಾಯಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆಯೇ? 'ಎಂಟಾಣೆ ಇಟ್ಟೆ. ಮುಟ್ಟಲಿಲ್ಲ. ರೂಪಾಯಿ ಇಟ್ಟೆ.' ಇಷ್ಟೇ ಬರೆದೆ. ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ಬರುವುದು ಏರಿನಲ್ಲಿ ಮುಗ್ಗರಿಸಿ ಕೊಲೆಗಾರನನ್ನು ಕೈತಪ್ಪಿಸಲಿಕ್ಕೆ ಅಷ್ಟೇ. ಎಂ.ಜಿ. ರಸ್ತೆಯಂತೂ ಇಲ್ಲವೇ ಇಲ್ಲ, ಆಗ ಅದು ಸೌತ್ ಪೆರೇಡ್.

ಇಂಥ ಕಾದಂಬರಿಯ ರುಚಿ ಮುಖ್ಯವಾಗಿ ಒಂದು ಕಡೆ ಇದೆ. ಪತ್ತೇದಾರನಿಗೆ ಗೊತ್ತಿಲ್ಲದ ನಾಳೆ ಓದುಗನಿಗೆ ಗೊತ್ತು. ನನ್ನ ದಂಡಿನ ಗುತ್ತಿಗೆದಾರ ದಫೇದಾರನ ಎದುರೇ ನಗುತ್ತಾನೆ: "ಈ ಗಡಿ ನನ್ನ ಮೊಮ್ಮಕ್ಕಳ ಕಾಲಕ್ಕೂ ಇರತ್ತೆ ಕಣಯ್ಯ." ದಫೇದಾರ ತಲೆ ತಗ್ಗಿಸಿ ವಾಪಸು ನಡೆಯುತ್ತಾನೆ. ಕೊಲೆಗಾರನಿಗೆ ಶಿಕ್ಷೆಯಿಲ್ಲದೆ ಪುಸ್ತಕ ಮುಗಿಸಿದಿರಿ ಎಂದು ಕೆಲವರು ಸಿಟ್ಟಾದರು. ಆಗಲಿ. ಎರಡನೆಯದನ್ನು ಬರೆಯುತ್ತಿದ್ದೇನೆ. ಅದು ಶುರುವಾಗುವುದು 1947ರ ಜುಲೈನಲ್ಲಿ, ದಂಡು ಮೈಸೂರಿಗೆ ಸೇರಿದ ವಾರ.